ಮೊದಲು ಮೀಟರು, ಆಮೇಲೆ ಬಚ್ಚಲು, ಕೊನೆಗೆ ತಾರಸಿ: ಮನೆಯ ಕರೆಂಟ್ ಖರ್ಚು ಇಳಿಸುವ ಸಮಗ್ರ ಮಾರ್ಗದರ್ಶಿ

ಈಗ ಯಾವ ಬಡಾವಣೆಗೆ ಹೋದರೂ ಸೋಲಾರ್ ಪ್ಯಾನೆಲ್‌ನ ಕರಪತ್ರ ಗೇಟಿಗೆ ಸಿಕ್ಕಿಸಿರುತ್ತಾರೆ. ‘ಬಿಲ್ ಸೊನ್ನೆ, 78 ಸಾವಿರ ಸಬ್ಸಿಡಿ’ ಅಂತ ದಪ್ಪಕ್ಷರ. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಎಲ್ಲರ ಮನೆಗೂ ಹೊಂದುವ ಮಾತೂ ಅಲ್ಲ. ತಿಂಗಳಿಗೆ 150 ಯೂನಿಟ್ ಸುಡುವ ಮನೆಗೂ 350 ಸುಡುವ ಮನೆಗೂ ಲೆಕ್ಕ ಬೇರೆ ಬೇರೆ, ಅದರಲ್ಲೂ ರಾಜ್ಯದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಂದ ಮೇಲೆ ಕರ್ನಾಟಕದಲ್ಲಿ ಈ ಲೆಕ್ಕ ಪೂರ್ತಿ ತಿರುಗಿಬಿದ್ದಿದೆ.

ನಾನು ಹೇಳಹೊರಟಿರುವುದು ಖರ್ಚಿನ ಸರದಿಯ ಬಗ್ಗೆ. ದುಡ್ಡೇ ಬೇಡದ ಕೆಲಸ ಮೊದಲು, ಸಾವಿರದ ಕೆಲಸ ಆಮೇಲೆ, ಲಕ್ಷದ ಕೆಲಸ ಎಲ್ಲಕ್ಕಿಂತ ಕೊನೆಗೆ. ಸುಮ್ಮನೆ ಪೋಲಾಗುವ ಯೂನಿಟ್ಟಿಗೂ ಸೇರಿಸಿ ಪ್ಯಾನೆಲ್ ಹಾಕಿಸಿದರೆ ಆ ಪೋಲಿಗೂ ಬಂಡವಾಳ ಹೂಡಿದ ಹಾಗಾಯಿತು. ಬಾಡಿಗೆ ಮನೆಯಲ್ಲಿ ಇರುವವರಿಗೆ ತಾರಸಿಯ ಮಾತು ಅನ್ವಯಿಸದೇ ಹೋಗಬಹುದು. ಆದರೆ ಮೊದಲ ನಾಲ್ಕು ಹೆಜ್ಜೆ ಅವರಿಗೂ ಅಷ್ಟೇ ಸಲ್ಲುತ್ತವೆ.

ಹೆಜ್ಜೆ 1: ಬಿಲ್ಲನ್ನು ಪೂರ್ತಿ ಓದಿ

ನಮ್ಮಲ್ಲಿ ಹೆಚ್ಚಿನವರು ಬಿಲ್ಲಿನ ಕೆಳಗಿನ ಮೊತ್ತ ನೋಡಿ ಫೋನಿನಲ್ಲಿ ದುಡ್ಡು ಕಟ್ಟಿ ಮುಗಿಸುತ್ತೇವೆ. ಈ ಸಲ ಹನ್ನೆರಡು ತಿಂಗಳ ಬಿಲ್ ಒಟ್ಟಿಗೆ ತೆಗೆದುಕೊಳ್ಳಿ. ಕಾಗದದ ಚೀಟಿ ಕಳೆದಿದ್ದರೆ ನಿಮ್ಮ ಎಸ್ಕಾಂನ (ನಿಮ್ಮ ಭಾಗಕ್ಕೆ ಕರೆಂಟ್ ಕೊಡುವ ಕಂಪನಿಯ) ಜಾಲತಾಣದಲ್ಲೋ ಆ್ಯಪ್‌ನಲ್ಲೋ ಅಕೌಂಟ್ ಐಡಿ ಹಾಕಿದರೆ ಸಿಗುತ್ತದೆ. ಪ್ರತಿ ತಿಂಗಳ ಯೂನಿಟ್ ಒಂದು ಹಾಳೆಯಲ್ಲಿ ಬರೆಯಿರಿ. ಮಾರ್ಚ್‌ನಿಂದ ಮೇವರೆಗೆ ಎಷ್ಟು, ಮಳೆಗಾಲದಲ್ಲಿ ಎಷ್ಟು ಅನ್ನುವುದು ಕಣ್ಣಿಗೆ ಕಾಣಬೇಕು.

ಬಿಲ್ಲಿನಲ್ಲಿ ನಾಲ್ಕು ತುಂಡುಗಳಿವೆ. ಒಂದು, ನಿಗದಿತ ಶುಲ್ಕ. ನಿಮ್ಮ ಮಂಜೂರಾದ ಲೋಡ್‌ನ ಪ್ರತಿ ಕಿಲೋವ್ಯಾಟ್‌ಗೆ ಇಷ್ಟು ಅಂತ, ನೀವು ಸ್ವಿಚ್ ಒತ್ತದಿದ್ದರೂ ಕಟ್ಟಬೇಕು. 2025-26ರ ದರದಲ್ಲಿ ಗೃಹಬಳಕೆಗೆ ಇದು ಕಿಲೋವ್ಯಾಟ್‌ಗೆ 145 ರೂ. ಇತ್ತು, ಮುಂದಿನ ಅಂಕಿಗಳೂ ಅದೇ ವರ್ಷದವು. ಎರಡು, ಯೂನಿಟ್ ದರ, 5.80 ರೂ. ಮೂರು, ಯೂನಿಟ್‌ಗೆ 36 ಪೈಸೆಯ, ವಿದ್ಯುತ್ ನೌಕರರ ಪಿಂಚಣಿ-ಗ್ರಾಚ್ಯುಟಿ ಸರ್‌ಚಾರ್ಜ್, ಇದು 2025ರ ಏಪ್ರಿಲ್‌ನಿಂದ ಸೇರಿಕೊಂಡದ್ದು. ನಾಲ್ಕು, ಯೂನಿಟ್ ಶುಲ್ಕದ ಮೇಲೆ ಶೇ. 9ರ ತೆರಿಗೆ. ಇವುಗಳ ಜತೆ ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಒಟ್ಟಾರೆ, ನೀವು ಉಳಿಸುವ ಒಂದೊಂದು ಯೂನಿಟ್‌ನ ನಿಜವಾದ ಬೆಲೆ ಹೆಚ್ಚುಕಡಿಮೆ 6.70 ರೂ. ಮುಂದಿನ ಲೆಕ್ಕಕ್ಕೆಲ್ಲ ಇದನ್ನೇ ಇಟ್ಟುಕೊಳ್ಳುತ್ತೇನೆ. ನಿಮ್ಮ ಇತ್ತೀಚಿನ ಬಿಲ್ಲಿನಲ್ಲಿ ಬೇರೆ ಅಂಕಿ ಇದ್ದರೆ ಅದನ್ನು ಹಾಕಿ.

ಇಲ್ಲೇ ಒಂದು ಪುಕ್ಕಟೆ ಉಳಿತಾಯ ಅಡಗಿರುತ್ತದೆ. ಎಷ್ಟೋ ಮನೆಗಳ ಮಂಜೂರಾದ ಲೋಡ್ 5 ಕಿಲೋವ್ಯಾಟ್ ಇರುತ್ತದೆ, ಒಂದೇ ಸಲಕ್ಕೆ ಬಳಸುವುದು ಎರಡೂವರೆ ದಾಟಿರುವುದಿಲ್ಲ. ಲೋಡ್ ಇಳಿಸಲು ಎಸ್ಕಾಂನ ಉಪವಿಭಾಗ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಈ ದರದಲ್ಲಿ ಒಂದೊಂದು ಕಿಲೋವ್ಯಾಟ್‌ಗೆ ವರ್ಷಕ್ಕೆ 1,740 ರೂ. ಉಳಿಯುತ್ತದೆ. ಮುಂದೆ ಪ್ಯಾನೆಲ್ ಹಾಕಿಸುವ, ಎಲೆಕ್ಟ್ರಿಕ್ ಸ್ಕೂಟರ್ ತರುವ ಯೋಚನೆ ಇದ್ದರೆ ಮಾತ್ರ ತುಸು ತಡೆಯಿರಿ.

200ರ ಗೆರೆ

ಗೃಹಜ್ಯೋತಿ ಫಲಾನುಭವಿಗಳು ಈ ಭಾಗ ಎರಡು ಸಲ ಓದಬೇಕು. 2023ರಲ್ಲಿ ಬಂದ ಈ ಯೋಜನೆಯಲ್ಲಿ ನಿಮಗೆ ಸಿಗುವುದು ನೇರವಾಗಿ 200 ಯೂನಿಟ್ ಅಲ್ಲ. 2022-23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇ. 10. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಿಂದ ಶೇ. 10ರ ಬದಲು 10 ಯೂನಿಟ್ ಹೆಚ್ಚುವರಿ. ಅರ್ಹ ಯೂನಿಟ್ ದಾಟಿದರೂ 200ರೊಳಗೆ ಇದ್ದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತೋ, ಮೊದಲ ಯೂನಿಟ್‌ನಿಂದಲೇ ಪೂರ್ತಿ ಬಿಲ್.

ಅಂಕಿಯಲ್ಲಿ ನೋಡೋಣ. ಅರ್ಹತೆ 190 ಇರುವ, 3 ಕಿಲೋವ್ಯಾಟ್ ಲೋಡ್‌ನ ಮನೆ. ಬಳಕೆ 199 ಆದರೆ ಒಂಬತ್ತು ಯೂನಿಟ್‌ಗೆ ಅರವತ್ತು ರೂಪಾಯಿ ಆಸುಪಾಸು. ಬಳಕೆ 205 ಆದರೆ ನಿಗದಿತ ಶುಲ್ಕ 435, ಯೂನಿಟ್‌ಗೆ 1,189, ಸರ್‌ಚಾರ್ಜ್ 74, ತೆರಿಗೆ 107. ಒಟ್ಟು 1,800 ರೂ. ದಾಟಿತು. ಆರೇ ಆರು ಯೂನಿಟ್‌ನ ವ್ಯತ್ಯಾಸ. ಹನ್ನೆರಡು ತಿಂಗಳ ಪಟ್ಟಿಯಲ್ಲಿ ನಿಮ್ಮ ಮನೆ 200ರ ಆಚೀಚೆ ಓಲಾಡುತ್ತಿದ್ದರೆ ಪ್ಯಾನೆಲ್ ಬಗ್ಗೆ ಯೋಚಿಸಲೇಬೇಡಿ. ಮುಂದಿನ ಮೂರು ಹೆಜ್ಜೆಯಲ್ಲೇ ನಿಮ್ಮ ಕೆಲಸ ಮುಗಿಯಬಹುದು.

ಹೆಜ್ಜೆ 2: ಮೀಟರ್ ಮುಂದೆ ನಿಂತು ಮಿಣುಕು ಎಣಿಸಿ

ಇದಕ್ಕೆ ಬೇಕಾದ್ದು ಗಡಿಯಾರ ಇರುವ ಫೋನು ಮಾತ್ರ. ಈಗಿನ ಡಿಜಿಟಲ್ ಮೀಟರ್ ಮೇಲೆ ಸಣ್ಣ ಕೆಂಪು ದೀಪವೊಂದು ಮಿಣುಕುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂಬ ಸಂಖ್ಯೆ ಮುದ್ರಿಸಿರುತ್ತಾರೆ, ಎಷ್ಟೋ ಮೀಟರ್‌ಗಳಲ್ಲಿ ಅದು 3200. ರಾತ್ರಿ ಮಲಗುವ ಮುನ್ನ ಲೈಟು, ಫ್ಯಾನು, ಟಿವಿ ಎಲ್ಲ ಆರಿಸಿ. ಫ್ರಿಜ್‌ನ ಕಂಪ್ರೆಸರ್ ಸದ್ದು ನಿಂತಿರುವ ಹೊತ್ತು ನೋಡಿಕೊಂಡು ಹೋಗಿ ಹತ್ತು ಮಿಣುಕಿಗೆ ಎಷ್ಟು ಸೆಕೆಂಡ್ ಹಿಡಿಯಿತು ಎಣಿಸಿ.

ಸೂತ್ರ ಹೀಗೆ: 36 ಲಕ್ಷವನ್ನು ಮಿಣುಕಿನ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ಮೀಟರ್ ಮೇಲಿನ ಸಂಖ್ಯೆಯಿಂದಲೂ ಸೆಕೆಂಡಿನಿಂದಲೂ ಭಾಗಿಸಿ. ಬರುವುದು ವ್ಯಾಟ್. ಹತ್ತು ಮಿಣುಕಿಗೆ 90 ಸೆಕೆಂಡ್ ಆಯಿತು ಅಂದುಕೊಳ್ಳಿ, 3200ರ ಮೀಟರಿನಲ್ಲಿ ಅದು 125 ವ್ಯಾಟ್. ಎಲ್ಲ ಆರಿಸಿದ ಮೇಲೂ 125 ವ್ಯಾಟ್! ದಿನದ 24 ಗಂಟೆ, ತಿಂಗಳ 30 ದಿನ ಹಿಡಿದರೆ 90 ಯೂನಿಟ್. ಸಾವಿರದ ಆರುನೂರು ಮಿಣುಕು ಅರ್ಧ ಯೂನಿಟ್ ಎಂಬುದು ಒಮ್ಮೆ ತಲೆಗೆ ಹತ್ತಿದರೆ ದೀಪದ ವೇಗ ನೋಡಿಯೇ ಮನೆಯೊಳಗೆ ಗೀಸರ್ ಆನ್ ಆಗಿದೆಯೋ ಇಲ್ಲವೋ ಹೇಳಬಲ್ಲಿರಿ.

ಆ 125 ವ್ಯಾಟ್ ತಿನ್ನುತ್ತಿರುವುದು ಯಾವುದು? ಒಂದೊಂದೇ ಪ್ಲಗ್ ಕೀಳುತ್ತ ಮತ್ತೆ ಎಣಿಸಿ. ಸಾಮಾನ್ಯವಾಗಿ ಸಿಕ್ಕಿಬೀಳುವವು: ಬ್ಯಾಟರಿ ಹಳತಾಗಿ ಎಷ್ಟು ಚಾರ್ಜ್ ಮಾಡಿದರೂ ತುಂಬದ ಯುಪಿಎಸ್, ರಿಮೋಟ್‌ನಲ್ಲಿ ಮಾತ್ರ ಆರಿಸಿದ ಸೆಟ್ ಟಾಪ್ ಬಾಕ್ಸ್, ಹೊರಗಿನ ಸ್ಟೆಬಿಲೈಸರ್, ವೈಫೈ ಪೆಟ್ಟಿಗೆ, ಗೇಟಿನ ದೀಪ. ಎಲ್ಲ ಕಿತ್ತ ಮೇಲೂ ದೀಪ ಮಿಣುಕುತ್ತಿದ್ದರೆ ವೈರಿಂಗ್‌ನಲ್ಲಿ ಸೋರಿಕೆ ಇರಬಹುದು, ಇಲ್ಲವೇ ನಿಮ್ಮ ಮೀಟರಿನಿಂದ ಬೇರೆ ಯಾವುದಕ್ಕೋ ತಂತಿ ಹೋಗಿರಬಹುದು. ಒಂದೇ ಕಟ್ಟಡದಲ್ಲಿ ಮೂರ್ನಾಲ್ಕು ಮೀಟರ್ ಇರುವ ಕಡೆ ಸಂಪಿನ ಮೋಟಾರು ಯಾರ ಮೀಟರಿಗೆ ಸೇರಿದೆ ಅಂತ ಖಾತ್ರಿ ಮಾಡಿಕೊಳ್ಳುವುದೂ ಇದೇ ಉಪಾಯದಿಂದ. ಸೋರಿಕೆ ಹುಡುಕಲು, ತಂತಿ ಬಿಚ್ಚಿ ನೋಡಲು ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ.

ಹೆಜ್ಜೆ 3: ಬಚ್ಚಲುಮನೆ

ನೀರು ಕಾಯಿಸುವುದರಷ್ಟು ಕರೆಂಟ್ ಕುಡಿಯುವ ಕೆಲಸ ಏಸಿ ಇಲ್ಲದ ಮನೆಯಲ್ಲಿ ಇನ್ನೊಂದಿಲ್ಲ. 22 ಡಿಗ್ರಿಯ 20 ಲೀಟರ್ ನೀರನ್ನು 42 ಡಿಗ್ರಿಗೆ ತರಲು ಹೆಚ್ಚುಕಡಿಮೆ ಅರ್ಧ ಯೂನಿಟ್ ಬೇಕು. ಇದು ಭೌತಶಾಸ್ತ್ರದ ಲೆಕ್ಕ, ಯಾವ ಕಂಪನಿಯ ಗೀಸರ್ ತಂದರೂ ಕಡಿಮೆ ಆಗುವುದಿಲ್ಲ. ನಾಲ್ಕು ಜನ, ತಲಾ ಒಂದು ಬಕೆಟ್, ತಿಂಗಳಿಗೆ ಅರವತ್ತು ಯೂನಿಟ್. ಅಂದರೆ 400 ರೂ. ಷವರ್‌ ಕೆಳಗೆ ನಿಂತು ಹಾಡುವ ಅಭ್ಯಾಸ ಇದ್ದರೆ ಇನ್ನೂ ಹೆಚ್ಚು.

ಸೌರ ಬೆಳಕಿನಿಂದ ಕರೆಂಟ್ ಮಾಡಿ ಆ ಕರೆಂಟಿನಿಂದ ನೀರು ಕಾಯಿಸುವುದಕ್ಕಿಂತ ಬಿಸಿಲಿನಿಂದ ನೇರ ನೀರು ಕಾಯಿಸುವುದೇ ಅಗ್ಗ. ಸೋಲಾರ್ ವಾಟರ್ ಹೀಟರ್ ಬೆಂಗಳೂರಿಗೆ ಹೊಸದಲ್ಲ. 2007ರ ಸುಮಾರಿಗೇ ದೊಡ್ಡ ಸೈಟುಗಳ ಹೊಸ ಮನೆಗೆ ಇದು ಕಡ್ಡಾಯವಾಯಿತು. ಊರ ತಾರಸಿಗಳ ಮೇಲಿನ ಆ ಉರುಳೆ ಟ್ಯಾಂಕ್‌ಗಳ ಸಾಲು ಬಂದದ್ದು ಹಾಗೆ. ಮೂರ್ನಾಲ್ಕು ಜನಕ್ಕೆ ದಿನಕ್ಕೆ 100 ಲೀಟರ್‌ನದು ಸಾಕು. ಬೆಲೆ ಇಪ್ಪತ್ತು ಸಾವಿರದ ಆಸುಪಾಸು. ಕೊಳ್ಳುವಾಗ ಮುಖ್ಯ ಪ್ರಶ್ನೆ ನಿಮ್ಮ ನೀರು ಯಾವುದು ಅನ್ನುವುದು. ಕಾವೇರಿ ನೀರು, ಬಾವಿಯ ಸಿಹಿ ನೀರು ಇದ್ದರೆ ತಾಮ್ರದ ಕೊಳವೆಯ ಚಪ್ಪಟೆ ಫಲಕ ಬಹುಕಾಲ ಬಾಳುತ್ತದೆ. ಬೋರ್‌ವೆಲ್‌ನ ಗಡಸು ನೀರು ಬಿಟ್ಟರೆ ಅದೇ ತಾಮ್ರದ ಕೊಳವೆಯೊಳಗೆ ಸುಣ್ಣ ಕಟ್ಟಿ ಕೆಲವೇ ವರ್ಷದಲ್ಲಿ ಬಿಸಿ ಕಡಿಮೆಯಾಗುತ್ತದೆ. ಅಂಥ ಕಡೆ ಗಾಜಿನ ಕೊಳವೆಯದು ವಾಸಿ, ಕೊಳವೆ ಬಿಚ್ಚಿ ತೊಳೆಯಬಹುದು.

ಇನ್ನೊಂದು, ಮಾರುವವರು ಹೇಳದ ಸಂಗತಿ. ತಾರಸಿಯ ಟ್ಯಾಂಕ್‌ನಿಂದ ಬಚ್ಚಲಿನ ನಲ್ಲಿಯವರೆಗಿನ ಪೈಪ್‌ಗೆ ಹೊದಿಕೆ ಇಲ್ಲದಿದ್ದರೆ, ಅದು ಉದ್ದವೂ ಇದ್ದರೆ, ಬೆಳಗ್ಗೆ ಬಿಸಿನೀರು ಬರುವುದರೊಳಗೆ ಒಂದು ಬಕೆಟ್ ತಣ್ಣೀರು ಹರಿದಿರುತ್ತದೆ. ‘ಸೋಲಾರ್ ಸರಿಯಿಲ್ಲ’ ಅಂತ ಗೀಸರ್ ಒತ್ತುವ ಮನೆಗಳಲ್ಲಿ ಅರ್ಧಕ್ಕರ್ಧ ದೂರು ಈ ಪೈಪಿನದೇ. ಹೊಸ ಮನೆ ಕಟ್ಟುವವರು ಟ್ಯಾಂಕ್ ಬಚ್ಚಲಿನ ನೆತ್ತಿಗೇ ಬರುವಂತೆ ಈಗಲೇ ನಕ್ಷೆಯಲ್ಲಿ ಹೇಳಿ.

ಗೀಸರೇ ಗತಿ ಅನ್ನುವವರು ಥರ್ಮೋಸ್ಟ್ಯಾಟ್ 45-50 ಡಿಗ್ರಿಗೆ ಇಳಿಸಿ, ಸ್ನಾನಕ್ಕೆ ಹದಿನೈದು ನಿಮಿಷ ಮುಂಚೆ ಹಾಕಿ, ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ. ಮಲೆನಾಡಿನಲ್ಲಿ ಹಂಡೆ, ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಇರುವ ಮನೆಯವರಿಗೆ ಈ ಹೆಜ್ಜೆಯಲ್ಲಿ ಹೇಳಿಕೊಡಲು ನನ್ನ ಬಳಿ ಏನೂ ಇಲ್ಲ.

ಹೆಜ್ಜೆ 4: ಫ್ಯಾನು, ಫ್ರಿಜ್, ಏಸಿ

ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತದೆ, ಕಡಿಮೆ ಕರೆಂಟ್ ಬೇಡುವ ಹೊಸ ಮಾದರಿ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30ರ ಸುತ್ತಮುತ್ತ. ದಿನಕ್ಕೆ 14 ಗಂಟೆ ತಿರುಗುವ ಫ್ಯಾನ್ ಬದಲಿಸಿದರೆ ತಿಂಗಳಿಗೆ 19 ಯೂನಿಟ್ ಉಳಿಯುತ್ತದೆ. ರಾಯಚೂರು, ಕಲಬುರಗಿ, ಮಂಗಳೂರಿನಂಥ ಊರಲ್ಲಿ ಎರಡು ವರ್ಷದೊಳಗೆ ಹಾಕಿದ ದುಡ್ಡು ವಾಪಸ್ಸು. ಚಿಕ್ಕಮಗಳೂರಿನ ಅತಿಥಿ ಕೋಣೆಯಲ್ಲಿ ವರ್ಷಕ್ಕೆ ಹತ್ತು ದಿನ ತಿರುಗುವ ಫ್ಯಾನ್ ಬದಲಿಸಬೇಡಿ.

ಫ್ರಿಜ್‌ನ ಸ್ಟಾರ್ ಪಟ್ಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ. ನಕ್ಷತ್ರ ಎಣಿಸುವ ಬದಲು ಆ ಅಂಕಿ ನೋಡಿ. ಏಸಿಯ ಪಟ್ಟಿಯಲ್ಲಿರುವ ಅಂಕಿ ವರ್ಷಕ್ಕೆ 1,600 ಗಂಟೆ ಓಡುತ್ತದೆ ಎಂಬ ಲೆಕ್ಕದ್ದು. ನಿಮ್ಮದು ಬೇಸಿಗೆಯ ಎರಡು ತಿಂಗಳು ರಾತ್ರಿ ಮಾತ್ರ ಓಡುವುದಾದರೆ ಅದರ ಮೂರನೇ ಒಂದು ಭಾಗದ ಆಸುಪಾಸು ಅಷ್ಟೇ. ಐದು ನಕ್ಷತ್ರಕ್ಕೆ ಹೆಚ್ಚು ಕೊಡುವ ಮುನ್ನ ಇದನ್ನು ಗಮನಿಸಿ. ಎಲ್‌ಇಡಿ ದೀಪದ ಮಾತು ಈಗ ಹಳತು, ಎಲ್ಲರೂ ಹಾಕಿದ್ದಾರೆ.

ಇಷ್ಟಾದ ಮೇಲೆ ಎರಡು ಮೂರು ತಿಂಗಳು ಸುಮ್ಮನಿದ್ದು ಬಿಲ್ ನೋಡಿ.

ಹೆಜ್ಜೆ 5: ಪ್ಯಾನೆಲ್ ನಿಮಗೆ ಬೇಕೇ?

ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂತು, ಒಂದು ಕೋಟಿ ಮನೆ ಗುರಿ. ಸಬ್ಸಿಡಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಅಲ್ಲಿಂದಾಚೆ ಎಷ್ಟು ಹಾಕಿದರೂ ಒಟ್ಟು 78,000 ರೂ. ಯೋಜನೆಯ ಅವಧಿ 2026-27ರವರೆಗೆ.

ಕರ್ನಾಟಕದ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಧೂಳು, ಮೋಡ ಕಳೆದು 3 ಕಿಲೋವ್ಯಾಟ್‌ಗೆ ತಿಂಗಳಿಗೆ 330 ಅಂತ ಇಟ್ಟುಕೊಳ್ಳೋಣ. ಖರ್ಚು ಸುಮಾರು ಎರಡು ಲಕ್ಷ, ಸಬ್ಸಿಡಿ ಕಳೆದರೆ 1.22 ಲಕ್ಷ.

ಮೊದಲನೇ ಮನೆ: ತಿಂಗಳಿಗೆ 350 ಯೂನಿಟ್, ಗೃಹಜ್ಯೋತಿ ಇಲ್ಲ. 330 ಯೂನಿಟ್ × 6.70, ತಿಂಗಳಿಗೆ 2,200 ರೂ. ಉಳಿತಾಯ. ನಾಲ್ಕೂವರೆಯಿಂದ ಐದು ವರ್ಷದಲ್ಲಿ ಅಸಲು ಬಂತು. ಪ್ಯಾನೆಲ್ ಬಾಳುವುದು 25 ವರ್ಷ. ಕಣ್ಣುಮುಚ್ಚಿ ಹಾಕಿಸಬಹುದು.

ಎರಡನೇ ಮನೆ: 150 ಯೂನಿಟ್, ಎಲ್ಲ ಗೃಹಜ್ಯೋತಿಯಲ್ಲಿ ಉಚಿತ. ಉಳಿಸಲು ಬಿಲ್ಲೇ ಇಲ್ಲ. ಬಳಸಿ ಮಿಕ್ಕ 180 ಯೂನಿಟ್ ಎಸ್ಕಾಂಗೆ ಹೋಗುತ್ತದೆ. ಅದಕ್ಕೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ತೀರಾ ಕಡಿಮೆ. ಸಬ್ಸಿಡಿ ಪಡೆದ ಸಣ್ಣ ಘಟಕಗಳಿಗೆ ಯೂನಿಟ್‌ಗೆ ಎರಡರಿಂದ ಮೂರು ರೂಪಾಯಿ ನಡುವೆ. ಎರಡೂವರೆ ಅಂತ ಹಿಡಿದರೆ ತಿಂಗಳಿಗೆ 450 ರೂ. ಅಸಲು ಬರಲು ಇಪ್ಪತ್ತು ವರ್ಷ ದಾಟುತ್ತದೆ. ಇಂಥ ಮನೆಗೆ ‘ಕರೆಂಟ್ ಮಾರಿ ಸಂಪಾದಿಸಿ’ ಅಂತ ಹೇಳಿ ಪ್ಯಾನೆಲ್ ಮಾರುವುದು, ನನ್ನ ಮಟ್ಟಿಗೆ, ಮೋಸದ ಪಕ್ಕದಲ್ಲೇ ಇರುವ ಕೆಲಸ. ಶುದ್ಧ ಇಂಧನದ ಮೇಲಿನ ಪ್ರೀತಿಗೆ ಹಾಕಿಸುತ್ತೇನೆ ಅಂದರೆ ಅದು ಬೇರೆ ಮಾತು, ಗೌರವದ ಮಾತು.

ಗೃಹಜ್ಯೋತಿ ಇದ್ದೂ ಪ್ಯಾನೆಲ್ ಹಾಕಿಸಲು ಹೊರಟವರು ಉಚಿತ ಯೂನಿಟ್ ಏನಾಗುತ್ತದೆ ಅಂತ ಅರ್ಜಿಗೆ ಮುಂಚೆಯೇ ಉಪವಿಭಾಗದಲ್ಲಿ ಕೇಳಿ ತಿಳಿದುಕೊಳ್ಳಿ. ಕೆಳಗೆ ಮಾಲೀಕರು, ಮೇಲೆ ಎರಡು ಬಾಡಿಗೆ ಮನೆ ಇರುವ ಕಟ್ಟಡದವರು ಇನ್ನೊಂದು ನೆನಪಿಡಿ. ಪ್ರತಿ ಆರ್‌.ಆರ್. ನಂಬರ್ (ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ) ಬೇರೆ ಗಿರಾಕಿ. ತಾರಸಿಯ ಪ್ಯಾನೆಲ್ ಯಾವ ಮೀಟರಿಗೆ ಸೇರುತ್ತದೋ ಆ ಬಿಲ್ ಮಾತ್ರ ಇಳಿಯುತ್ತದೆ. ಅಪಾರ್ಟ್‌ಮೆಂಟ್‌ನವರಿಗೆ ಲಿಫ್ಟು, ಪಂಪು, ಮೆಟ್ಟಿಲ ದೀಪದ ಸಾಮಾನ್ಯ ಮೀಟರಿಗೆ ಹಾಕಿಸಿಕೊಳ್ಳಲು ಇದೇ ಯೋಜನೆಯಲ್ಲಿ ಕಿಲೋವ್ಯಾಟ್‌ಗೆ 18,000 ರೂ. ಸಬ್ಸಿಡಿ ಇದೆ. ಸಂಘದ ಸಭೆಯಲ್ಲಿ ಇದು ಪಾಸಾಗುವುದೇ ದೊಡ್ಡ ಕೆಲಸ.

ಹೆಜ್ಜೆ 6: ನೆರಳು ನೋಡಿ, ಎರಡೂ ದಿಕ್ಕಿನಿಂದ

ಒಂದು ಕಿಲೋವ್ಯಾಟ್‌ಗೆ ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಪೆಟ್ಟು ಆ ಒಂದಕ್ಕೆ ನಿಲ್ಲದೆ ಸಾಲಿನ ಉತ್ಪಾದನೆಗೂ ತಗಲುತ್ತದೆ.

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಬೇಕು, ಓರೆ ನಿಮ್ಮ ಊರಿನ ಅಕ್ಷಾಂಶದಷ್ಟು. ಬೆಂಗಳೂರು, ಮಂಗಳೂರಿಗೆ 13 ಡಿಗ್ರಿ, ಬೀದರ್‌ಗೆ 18ರ ಹತ್ತಿರ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಐದಡಿ ಎತ್ತರದ ನೀರಿನ ಟ್ಯಾಂಕ್ ಆಗ ನಡುಮಧ್ಯಾಹ್ನವೂ ಉತ್ತರಕ್ಕೆ ಮೂರೂವರೆ ಅಡಿಗೂ ಮಿಕ್ಕಿ ನೆರಳು ಚಾಚುತ್ತದೆ, ಬೆಳಗ್ಗೆ ಒಂಬತ್ತಕ್ಕೆ ಇನ್ನೂ ಉದ್ದ. ಇದು ಎಲ್ಲ ಪುಸ್ತಕಗಳಲ್ಲಿ ಇರುವುದೇ. ಪುಸ್ತಕದಲ್ಲಿ ಹೆಚ್ಚಾಗಿ ಇಲ್ಲದ್ದು ನಮ್ಮ ಬೇಸಿಗೆಯ ಸೂರ್ಯ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ನೆತ್ತಿಯ ಮೇಲೆ ಬಂದು, ಶೂನ್ಯ ನೆರಳಿನ ದಿನ ಮುಗಿದ ಮೇಲೆ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಹೊತ್ತು ಉತ್ತರಕ್ಕೇ ಇರುತ್ತಾನೆ. ಉತ್ತರ ಭಾರತದ ಮಾದರಿ ನೋಡಿ ‘ಉತ್ತರದ ಗೋಡೆ ಎಷ್ಟೆತ್ತರ ಇದ್ದರೂ ಪರವಾಗಿಲ್ಲ’ ಅನ್ನುವವರ ಮಾತು ಇಲ್ಲಿ ಪೂರ್ತಿ ನಡೆಯುವುದಿಲ್ಲ. ಪಕ್ಕದ ಸೈಟು ಖಾಲಿ ಇದ್ದರೆ ಅಲ್ಲಿ ನಾಳೆ ನಾಲ್ಕು ಮಹಡಿ ಏಳಬಹುದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ತಾರಸಿಯಲ್ಲಿ ಹಪ್ಪಳ, ಸಂಡಿಗೆ ಒಣಗಿಸುವ ಮನೆಯವರು ಎಂಟೊಂಬತ್ತು ಅಡಿ ಎತ್ತರದ ಚೌಕಟ್ಟು ಹಾಕಿಸುತ್ತಾರೆ. ಅಡಿಯಲ್ಲಿ ಓಡಾಡಬಹುದು, ತಾರಸಿಯೂ ತಂಪು. ಆದರೆ ಗಾಳಿಯ ಎಳೆತ ಹೆಚ್ಚು, ಕಬ್ಬಿಣದ ಖರ್ಚೂ ಹೆಚ್ಚು. ಒಂದು ಪ್ಯಾನೆಲ್ ಏಳೂವರೆ ಅಡಿ ಉದ್ದ, ನಾಲ್ಕಡಿಗೆ ಹತ್ತಿರದ ಅಗಲ, ತೂಕ ಇಪ್ಪತ್ತೈದು ಕಿಲೋ ಮೇಲೆ. ಅಂಥ ಆರು ಹಲಗೆ ಗಾಳಿಗೆ ಒಡ್ಡಿ ನಿಲ್ಲಿಸುತ್ತೀರಿ. ಎತ್ತರದ ಚೌಕಟ್ಟಿಗೆ ಕಂಬದ ತಲೆಯ ಮೇಲೆ ಬುನಾದಿ ಬರಲಿ, ಬರೀ ತಾರಸಿಗೆ ಬೋಲ್ಟ್ ಹೊಡೆದರೆ ಮಳೆಗಾಲದಲ್ಲಿ ಸೋರುತ್ತದೆ.

ಹೆಜ್ಜೆ 7: ಕರೆಂಟ್ ಹೋದಾಗ ಏನಾಗುತ್ತದೆ

ಸಬ್ಸಿಡಿಯಲ್ಲಿ ಎಲ್ಲರೂ ಹಾಕಿಸುವ ಆನ್-ಗ್ರಿಡ್ ಘಟಕ (ಬ್ಯಾಟರಿ ಇಲ್ಲದೆ ಎಸ್ಕಾಂನ ಲೈನಿಗೇ ಸೇರಿಸಿದ್ದು), ಲೈನ್‌ನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ನೆತ್ತಿ ಸುಡುವ ಬಿಸಿಲಿದ್ದರೂ ಮನೆಯಲ್ಲಿ ಫ್ಯಾನ್ ತಿರುಗುವುದಿಲ್ಲ. ಇದು ದೋಷವಲ್ಲ. ಕಂಬ ಹತ್ತಿರುವ ಲೈನ್‌ಮನ್‌ಗೆ ನಿಮ್ಮ ಪ್ಯಾನೆಲ್‌ನ ಕರೆಂಟ್ ಹೊಡೆಯಬಾರದು ಎಂದೇ ಮಾಡಿದ ಏರ್ಪಾಡು. ಹಾಕಿಸಿದ ಮೇಲೆ ಇದನ್ನು ತಿಳಿದು ಬೇಸರ ಪಟ್ಟವರು ಬಹಳ.

ಪವರ್ ಕಟ್ ಕಡಿಮೆ ಇರುವ ಊರಾದರೆ ಆನ್-ಗ್ರಿಡ್ ಜತೆ ಈಗಿರುವ ಯುಪಿಎಸ್ ಹಾಗೇ ಇರಲಿ. ದಿನಕ್ಕೆ ನಾಲ್ಕೈದು ಗಂಟೆ ಹೋಗುವ ಹಳ್ಳಿಯಾದರೆ ಲೈನ್ ಹೋದಾಗಲೂ ಬ್ಯಾಟರಿಯಿಂದ ಮನೆ ನಡೆಸುವ ಹೈಬ್ರಿಡ್ ಇನ್ವರ್ಟರ್, ಲಿಥಿಯಂ ಬ್ಯಾಟರಿ ಕೇಳಿ. ದರ ಗಣನೀಯವಾಗಿ ಏರುತ್ತದೆ, ಸಬ್ಸಿಡಿ ಅಷ್ಟೇ ಇರುತ್ತದೆ.

ಹೆಜ್ಜೆ 8: ಅರ್ಜಿ, ಕೊಟೇಶನ್, ಕೆಲಸ

ಎಲ್ಲಕ್ಕಿಂತ ಮೊದಲು ಆರ್‌.ಆರ್. ಯಾರ ಹೆಸರಿನಲ್ಲಿದೆ ನೋಡಿ. ತೀರಿಕೊಂಡ ಅಜ್ಜನ ಹೆಸರಲ್ಲೋ ಮನೆ ಮಾರಿದವರ ಹೆಸರಲ್ಲೋ ಇದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೆಸರು ಬದಲಾವಣೆಗೆ ಖಾತೆ, ವಂಶವೃಕ್ಷ, ನಿರಾಕ್ಷೇಪಣೆ ಅಂತ ಓಡಾಟ ಇದ್ದೇ ಇದೆ. ಇದನ್ನು ಮುಗಿಸಿಯೇ ಮುಂದಿನದಕ್ಕೆ ಕೈಹಾಕಿ. ಬ್ಯಾಂಕ್ ಖಾತೆಯ ಹೆಸರೂ ಅದೇ ಇರಲಿ, ಸಬ್ಸಿಡಿ ಬರುವುದು ಅಲ್ಲಿಗೆ.

ಆಮೇಲೆ ಪಿಎಂ ಸೂರ್ಯಘರ್ ಪೋರ್ಟಲ್‌ನಲ್ಲಿ ರಾಜ್ಯ, ಎಸ್ಕಾಂ, ಅಕೌಂಟ್ ಐಡಿ ಹಾಕಿ ನೋಂದಾಯಿಸಿ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್, ಎಲ್ಲಕ್ಕೂ ದಾರಿ ಒಂದೇ. 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಅಧ್ಯಯನ ಬೇಡ ಎಂದು 2024ರ ಫೆಬ್ರವರಿಯ ತಿದ್ದುಪಡಿ ನಿಯಮ ಹೇಳುತ್ತದೆ. ಪೋರ್ಟಲ್‌ನಲ್ಲಿರುವ ನೋಂದಾಯಿತ ಮಾರಾಟಗಾರರಲ್ಲಿ ಮೂವರನ್ನಾದರೂ ಮನೆಗೆ ಕರೆಸಿ. ತಾರಸಿ ಹತ್ತದೆ ಫೋನಿನಲ್ಲೇ ದರ ಹೇಳುವವರನ್ನು ಬಿಟ್ಟುಬಿಡಿ.

ಕೊಟೇಶನ್‌ನಲ್ಲಿ ಒಟ್ಟು ಮೊತ್ತದ ಜತೆ ಈ ವಿವರಗಳು ಬರಹದಲ್ಲಿ ಇರಬೇಕು:

- ಪ್ಯಾನೆಲ್‌ನ ಕಂಪನಿ, ಒಂದೊಂದರ ವ್ಯಾಟ್, ಎಷ್ಟು ಹಲಗೆ. ಸಬ್ಸಿಡಿಗೆ ದೇಶದಲ್ಲೇ ತಯಾರಾದ ಸೆಲ್‌ನ ಡಿಸಿಆರ್ ಪ್ಯಾನೆಲ್ ಕಡ್ಡಾಯ. ಅಗ್ಗಕ್ಕೆ ಬೇರೆ ಹಾಕಿ ಕೊನೆಗೆ ಸಬ್ಸಿಡಿ ತಪ್ಪಿಸುವವರಿದ್ದಾರೆ.
- ಇನ್ವರ್ಟರ್‌ನ ಕಂಪನಿ, ವಾರಂಟಿ ಎಷ್ಟು ವರ್ಷ, ಕೆಟ್ಟರೆ ದುರಸ್ತಿ ಎಲ್ಲಿ.
- ಚೌಕಟ್ಟು ಗ್ಯಾಲ್ವನೈಸ್ ಆದದ್ದೇ, ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲ್‌ನದೇ. ಕಾರವಾರದಿಂದ ಉಳ್ಳಾಲದವರೆಗೆ ಉಪ್ಪುಗಾಳಿಯಲ್ಲಿ ಬರೀ ಬಣ್ಣ ಬಳಿದ ಕಬ್ಬಿಣ ನಿಲ್ಲುವುದಿಲ್ಲ.
- ಪ್ಯಾನೆಲ್ ಕಡೆಯ ಡಿಸಿ ಕರೆಂಟ್, ಮನೆ ಕಡೆಯ ಎಸಿ ಕರೆಂಟ್, ಸಿಡಿಲು ರಕ್ಷಕ, ಮೂರಕ್ಕೂ ಬೇರೆ ಬೇರೆ ಅರ್ತಿಂಗ್ ಗುಂಡಿ.
- ನೆಟ್ ಮೀಟರ್ (ಬರುವ, ಹೋಗುವ ಎರಡೂ ಕರೆಂಟ್ ಎಣಿಸುವ ಮೀಟರ್), ಅರ್ಜಿ ಶುಲ್ಕ, ಜಿಎಸ್‌ಟಿ ಒಳಗೊಂಡೇ ಹೇಳಿದ ದರವೇ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಧನಗಳ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. ಹಳೇ ತೆರಿಗೆ ಹಾಕಿದ್ದರೆ ಕೇಳಿ.

ಮುಂಗಡ ಒಂದು ಭಾಗ, ಸಾಮಾನು ಬಂದಾಗ ಒಂದು ಭಾಗ, ನೆಟ್ ಮೀಟರ್ ಕೂತ ಮೇಲೆ ಉಳಿದದ್ದು. ಕೊನೆಯ ಶೇ. 10-15 ಕೈಯಲ್ಲಿ ಉಳಿಸಿಕೊಳ್ಳದಿದ್ದರೆ ಪ್ಯಾನೆಲ್ ತಾರಸಿ ಮೇಲೆ ಸುಮ್ಮನೆ ಬಿಸಿಲು ಕಾಯುತ್ತ ಕೂರುತ್ತದೆ. 3 ಕಿಲೋವ್ಯಾಟ್‌ವರೆಗೆ ಸರ್ಕಾರಿ ಬ್ಯಾಂಕ್‌ಗಳು ಜಾಮೀನಿಲ್ಲದೆ ಕಡಿಮೆ ಬಡ್ಡಿಯ ಸಾಲ ಕೊಡುತ್ತವೆ. ಮಾರಾಟಗಾರರೇ ಮಾಡಿಸಿಕೊಡುವ ಖಾಸಗಿ ಸಾಲದ ಬಡ್ಡಿಯನ್ನು ಇದರೊಂದಿಗೆ ಹೋಲಿಸದೆ ಸಹಿ ಹಾಕಬೇಡಿ.

ಕೆಲಸ ಎರಡು ಮೂರು ದಿನದ್ದು. ಮುಗಿದ ಮೇಲೆ ವಿವರ ಪೋರ್ಟಲ್‌ಗೆ ಹಾಕುತ್ತಾರೆ, ಎಸ್ಕಾಂನವರು ಬಂದು ನೋಡುತ್ತಾರೆ, ಎರಡೂ ಕಡೆ ಎಣಿಸುವ ಮೀಟರ್ ಕೂರಿಸುತ್ತಾರೆ, ಕಾರ್ಯಾರಂಭದ ವರದಿ ಬರುತ್ತದೆ, ಆಮೇಲೆ ಸಬ್ಸಿಡಿ. ಪ್ಯಾನೆಲ್ ಏರಿಸುವ ಮುನ್ನ ಪ್ರತಿಯೊಂದರ ಹಿಂದಿನ ಸೀರಿಯಲ್ ನಂಬರ್ ಫೋಟೊ ತೆಗೆದಿಟ್ಟುಕೊಳ್ಳಿ. ಏರಿದ ಮೇಲೆ ಅದನ್ನು ಓದಲು ಬಗ್ಗಿ ಒದ್ದಾಡಬೇಕು, ವಾರಂಟಿ ಕೇಳುವಾಗ ಮೊದಲು ಕೇಳುವುದೇ ಅದನ್ನು.

ಹೆಜ್ಜೆ 9: ಮಿಕ್ಕ ಕರೆಂಟ್ ಅಡುಗೆಮನೆಗೆ

ಒಂದು 14.2 ಕಿಲೋ ಸಿಲಿಂಡರ್‌ನ ಕೆಲಸವನ್ನು ಇಂಡಕ್ಷನ್ ಒಲೆಯಲ್ಲಿ ಮಾಡಲು ಸುಮಾರು 130 ಯೂನಿಟ್ ಬೇಕು. ಕೊಂಡ ಕರೆಂಟಿನಲ್ಲಿ ಅದು 870 ರೂ., ಅಂದರೆ 2025ರ ಸಿಲಿಂಡರ್ ಬೆಲೆಗೆ ಸರಿಸಮ. ಲಾಭವಿಲ್ಲ. ಗೃಹಜ್ಯೋತಿಯಲ್ಲಿ 200ರ ಹತ್ತಿರ ಇರುವವರು ಇಂಡಕ್ಷನ್ ಹಚ್ಚಿದರೆ ನಷ್ಟವೇ. ಆದರೆ ಪ್ಯಾನೆಲ್ ಇರುವ ಮನೆಯಲ್ಲಿ ಮಿಕ್ಕ ಯೂನಿಟ್ ಎರಡೂವರೆ ರೂಪಾಯಿಗೆ ಎಸ್ಕಾಂಗೆ ಹೋಗುತ್ತಿದೆ. ಅದನ್ನೇ ಒಲೆಗೆ ತಿರುಗಿಸಿದರೆ ಸಿಲಿಂಡರ್‌ನ ಕೆಲಸ 325 ರೂಪಾಯಿಗೆ ಆಯಿತು. ಅನ್ನ, ಬೇಳೆ, ಕಾಫಿಯ ಹಾಲು ಇಂಡಕ್ಷನ್‌ಗೆ ಹೋಗಲಿ, ರೊಟ್ಟಿ ಸುಡಲು ಗ್ಯಾಸ್ ಇರಲಿ. ಇದನ್ನು ಮೊದಲೇ ಯೋಚಿಸಿದ್ದರೆ ಘಟಕದ ಗಾತ್ರವೂ ಸರಿಯಾಗಿ ತೀರ್ಮಾನವಾಗುತ್ತದೆ.

ಮಲೆನಾಡು, ಕರಾವಳಿಯವರಿಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲೆ ಪ್ಯಾನೆಲ್ ಉತ್ಪಾದನೆ ಬಹಳ ಕುಸಿಯುತ್ತದೆ. ವರ್ಷದ ಸರಾಸರಿ ಹೇಳಿ ಮಾರುವವರಿಗೆ ಮಳೆಗಾಲದ ತಿಂಗಳ ಅಂಕಿ ಬೇರೆ ಕೇಳಿ. ಇಲ್ಲಿ ಬೇರೆ ದಾರಿಗಳಿವೆ. ತೋಟದ ಮೇಲ್ಭಾಗದಲ್ಲಿ ಹಳ್ಳವಿದ್ದರೆ ಸೆಕೆಂಡಿಗೆ 10 ಲೀಟರ್ ನೀರು, 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ, ಅರ್ಧ ನಷ್ಟಕ್ಕೆ ಹೋದರೂ ಒಂದು ಕಿಲೋವ್ಯಾಟ್ ಸಿಗುತ್ತದೆ. ಹಗಲು-ರಾತ್ರಿ ತಿರುಗುವುದರಿಂದ ದಿನಕ್ಕೆ 24 ಯೂನಿಟ್, 3 ಕಿಲೋವ್ಯಾಟ್ ಪ್ಯಾನೆಲ್‌ನ ದುಪ್ಪಟ್ಟು. ಬಿಸಿಲಿಲ್ಲದ ತಿಂಗಳಲ್ಲೇ ಹಳ್ಳ ತುಂಬುತ್ತದೆ. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಒಂಟಿಮನೆಗಳಲ್ಲಿ ಇಂಥ ಕಿರು ಟರ್ಬೈನ್‌ಗಳು ಹಿಂದಿನಿಂದಲೂ ಇವೆ. ಹೋಗಿ ನೋಡಿ ಬನ್ನಿ. ಎಲೆ ಕಸ ಜಾಲರಿಗೆ ಕಟ್ಟಿಕೊಂಡು ದಿನವೂ ಬಿಡಿಸಬೇಕಾಗುವ ಕಷ್ಟವನ್ನೂ ಕೇಳಿಕೊಂಡು ಬನ್ನಿ.

ಮೂರ್ನಾಲ್ಕು ದನ ಇದ್ದರೆ ಗೋಬರ್ ಗ್ಯಾಸ್ ಬಿಡಬೇಡಿ. ದಿನಕ್ಕೆ 50 ಕಿಲೋ ಸಗಣಿಯಿಂದ ಎರಡು ಘನ ಮೀಟರ್ ಅನಿಲ. ಹದಿನಾರು-ಹದಿನೇಳು ದಿನಕ್ಕೆ ಒಂದು ಸಿಲಿಂಡರ್‌ಗೆ ಸಮ, ಬಗ್ಗಡ ಅಡಿಕೆ ಮರದ ಬುಡಕ್ಕೆ. ಮನೆ ಮೇಲೆ ಗಾಳಿಯಂತ್ರ ನಿಲ್ಲಿಸುವ ಆಸೆ ಇದ್ದರೆ ಬಿಡಿ. ಮರ, ಕಟ್ಟಡದ ನಡುವೆ ಗಾಳಿ ಸುಳಿಸುತ್ತುವುದರಿಂದ ಹಾಕಿದ ದುಡ್ಡು ಬರುವುದಿಲ್ಲ.

ಹಾಕಿಸಿದ ಮೇಲೆ

ಬಿಸಿಲಿನ ತಿಂಗಳಲ್ಲಿ ಎರಡು ವಾರಕ್ಕೊಮ್ಮೆ ಪ್ಯಾನೆಲ್ ತೊಳೆಯಿರಿ. ಬೆಳಗ್ಗೆ ಬಿಸಿಲೇರುವ ಮುಂಚೆ, ಮೆತ್ತನೆ ಬಟ್ಟೆಯಲ್ಲಿ. ಕಾದ ಗಾಜಿಗೆ ತಣ್ಣೀರು ಎರಚಬಾರದು. ಬೋರ್ ನೀರು ಒಣಗಿ ಬಿಳಿ ಕಲೆ ಕಟ್ಟುತ್ತದೆ, ಮಳೆನೀರು ಸಂಗ್ರಹಿಸಿದ್ದರೆ ಅದನ್ನು ಬಳಸಿ.

ಇನ್ವರ್ಟರ್‌ನ ಆ್ಯಪ್ ಮೊದಲ ವಾರ ಎಲ್ಲರೂ ಗಂಟೆಗೊಮ್ಮೆ ನೋಡುತ್ತಾರೆ, ಆರು ತಿಂಗಳಾದ ಮೇಲೆ ಯಾರೂ ನೋಡುವುದಿಲ್ಲ. ಘಟಕ ಟ್ರಿಪ್ ಆಗಿ ನಿಂತು ಎರಡು ತಿಂಗಳಾದ ಮೇಲೆ ಬಿಲ್ ಬಂದಾಗ ಎಚ್ಚೆತ್ತ ಮನೆಗಳಿವೆ. ತಿಂಗಳ ಒಂದನೇ ತಾರೀಖು ಮೀಟರ್‌ನ ಆಮದು, ರಫ್ತು ಎರಡನ್ನೂ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಬಿಲ್ಲಿನಲ್ಲಿ ರಫ್ತಿನ ಯೂನಿಟ್ ಕಳೆದಿಲ್ಲದಿದ್ದರೆ ಆ ಬರಹ ಹಿಡಿದು ಮೊದಲು 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ, ಆಮೇಲೆ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್‌ಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅಲ್ಲೂ ಆಗದಿದ್ದರೆ ಪ್ರತಿ ಎಸ್ಕಾಂಗೂ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಸೂರ್ಯಘರ್ ಯೋಜನೆಯಲ್ಲಿ ಹಾಕಿದವರು ಐದು ವರ್ಷ ನಿರ್ವಹಣೆ ಮಾಡಿಕೊಡಬೇಕು. ಒಪ್ಪಂದದ ಆ ಪುಟದ ಪ್ರತಿಯನ್ನು ಮೀಟರ್ ಬೋರ್ಡ್ ಬಾಗಿಲ ಒಳಗೇ ಅಂಟಿಸಿಡಿ.